ಮರಣದಂಡನೆಯೂ ಕೊಲೆಯ ತಡೆಯೂ: ತಿರುವಾಂಕೂರಿನ ಪ್ರಯೋಗವನ್ನು ಕುರಿತ ವಿಚಾರ

೧

ಕೊಂದವನನ್ನು ಕೊಲ್ಲುವುದರಿಂದ ಮುಂದಿನ ಕೊಲೆ ತಪ್ಪುವುದೇ ಎಂಬ ಪ್ರಶ್ನೆಯನ್ನು ನ್ಯಾಯಶಾಸ್ತ್ರಜ್ಞರೂ ನೀತಿಶಾಸ್ತ್ರಜ್ಞರೂ ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಈ ಚರ್ಚೆಯಲ್ಲಿ ಹೇಳತಕ್ಕ ಮಾತೇನಾದರೂ ಉಂಟೇ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ. ಪ್ರಶ್ನೆಯ ಮೇರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕೊಲೆಗಾರನು ಮರಣಕ್ಕೆ ಅರ್ಹನೇ ಅಲ್ಲವೇ ಎಂಬುದು ಧರ್ಮಕ್ಕೆ ಸೇರಿದ ಪ್ರಶ್ನೆ. ಅದನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ಶಿಕ್ಷೆಯ ಭಯದಿಂದ ಮನುಷ್ಯನು ಅಪರಾಧಕ್ಕೆ ಹಿಂಜರಿಯುವನೇ ಎಂಬುದೂ ನಮ್ಮ ಪ್ರಶ್ನೆಯಲ್ಲ. ಹಿಂಜರಿಯುತ್ತಾನೆಂಬುದನ್ನು ಯಾರೂ ಅಲ್ಲಗಳೆಯರು. ನಾವು ಕೇಳುವುದು ಇವೆರಡಕ್ಕಿಂತ ಕಿರಿದಾದ ಪ್ರಶ್ನೆ: ದೀರ್ಘಕಾಲದ ಸೆರೆವಾಸವು ಹುಟ್ಟಿಸುವ ಭಯಕ್ಕಿಂತ ಹೆಚ್ಚಾದ ಭಯವನ್ನು, ಕೊಲೆಗಳ ಸಂಖ್ಯೆಯೇ ತಗ್ಗುವಷ್ಟರ ಮಟ್ಟಿಗೆ, ನೇಣು ಹುಟ್ಟಿಸಿದುದು ಎಲ್ಲಿಯಾದರೂ ಕಂಡುಬಂದಿದೆಯೇ? ಇದು ವಸ್ತುಸ್ಥಿತಿಯ ಪ್ರಶ್ನೆ. ಆದುದರಿಂದ ಇತಿಹಾಸದ ಸಾಕ್ಷ್ಯಕ್ಕೆ ಇಲ್ಲಿ ಎಡೆಯುಂಟು.

ನಮ್ಮ ಪ್ರಾಚೀನರು ಈ ವಿಷಯವನ್ನು ಆಲೋಚಿಸದೆ ಇರಲಿಲ್ಲ. ದಂಡವಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯ ಉಂಟಾಗುವುದೆಂದು ಸಾರಿದ ಕೌಟಿಲ್ಯನೇ, ತೀಕ್ಷ್ಣದಂಡದಿಂದ ಪ್ರಜೆಗಳು ಉದ್ವಿಗ್ನರಾಗುವರೆಂದೂ ಮೃದುದಂಡನಾದ ಅರಸನು ತಿರಸ್ಕಾರಕ್ಕೆ ಗುರಿಯಾಗುವನೆಂದೂ ತಕ್ಕ ದಂಡವೊಂದೇ ಮನ್ನಣೆಗೆ ಪಾತ್ರವೆಂದೂ ನಿರ್ಣಯಿಸಿದನು. ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನನಿಗೂ ಅವನ ಮಗನಾದ ಸತ್ಯವಂತನಿಗೂ ನಡೆದ ಸಂವಾದವೊಂದಿದೆ. ಒಬ್ಬ ದಸ್ಯುವನ್ನು ಕೊಂದರೆ ಅವನನ್ನೇ ನಂಬಿದ ಹೆಂಡತಿ ಮಕ್ಕಳೂ ತಂದೆತಾಯಿಗಳೂ ಅಳಿದಂತೆಯೇ ಎಂದು ಮಗನು ವಾದಿಸುತ್ತಾನೆ. ಹಿಂದೆ ಧಿಕ್ಕಾರದ ಮಾತೇ ದಂಡವಾಗಿ ಸಾಕಾಗುತ್ತಿತ್ತು, ಆಮೇಲೆ ಧನದಂಡ ಬಂದಿತು, ಈಗ ವಧದಂಡದವರೆಗೆ ಬಂದಿದ್ದೇವೆ ಎಂದು ತಂದೆ ಉತ್ತರಿಸುತ್ತಾನೆ. ಅಲ್ಲಿಗೆ ನಿಲ್ಲದೆ, ವಧದಂಡದಿಂದಲೂ ಕೆಲವರನ್ನು ಹತೋಟಿಗೆ ತರಲಾಗುವುದಿಲ್ಲವೆಂದು ಆತನೇ ಒಪ್ಪಿಕೊಳ್ಳುತ್ತಾನೆ. ದಂಡದ ಪರವಾಗಿ ನಿಂತವನ ಬಾಯಿಂದಲೇ ಹೊರಟ ಈ ಒಪ್ಪಿಗೆ ಗಮನಾರ್ಹವಾದುದು. ಆದರೆ ಒಪ್ಪಿಗೆ ಬೇರೆ, ಪರೀಕ್ಷೆ ಬೇರೆ. ಮರಣದಂಡನೆಯನ್ನು ತೆಗೆದರೆ ಏನಾಗುವುದೆಂಬುದನ್ನು ತೆಗೆದೇ ನೋಡಿದ ನಾಡುಗಳ ವೃತ್ತಾಂತ ಆಧುನಿಕ ಕಾಲಕ್ಕೆ ಸೇರಿದುದು. ಅವುಗಳಲ್ಲಿ ಒಂದು ನಮ್ಮ ನೆರೆಯ ತಿರುವಾಂಕೂರು. ಅಲ್ಲಿಗೆ ಹೋಗುವ ಮುನ್ನ ಇಂಗ್ಲೆಂಡಿನ ಅನುಭವವನ್ನು ಸ್ವಲ್ಪ ನೋಡಬೇಕು. ಭಾರತದಲ್ಲಿ ಈ ಚರ್ಚೆಯನ್ನು ನಡೆಸಿದವರು ಪದೇ ಪದೇ ಉದಾಹರಣೆಗಳನ್ನು ಹುಡುಕಿದುದು ಅಲ್ಲಿಯೇ.

೨

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾನೂನು ಸುಮಾರು ೨೦೦ ಅಪರಾಧಗಳಿಗೆ ಮರಣವನ್ನು ವಿಧಿಸುತ್ತಿತ್ತು. ಅಂಗಡಿಯಿಂದ ಐದು ಷಿಲಿಂಗ್ ಬೆಲೆಯ ಸರಕನ್ನು ಕದ್ದವನಿಗೂ ಕೊಲೆಗಾರನಿಗೂ ಶಾಸನದ ಮಾತಿನಲ್ಲಿ ಒಂದೇ ಗತಿ. ಸರ್ ಸ್ಯಾಮ್ಯುಯಲ್ ರೊಮಿಲಿಯ ಪ್ರಯತ್ನದಿಂದ ೧೮೦೮ರಲ್ಲಿ ಜೇಬುಗಳ್ಳತನವನ್ನು ಈ ಪಟ್ಟಿಯಿಂದ ತೆಗೆಯಲಾಯಿತು. ಅನಂತರ ಜೇಬುಗಳ್ಳತನದ ಮೊಕದ್ದಮೆಗಳು ಹೆಚ್ಚಿದುವು. ಭಯ ತಪ್ಪಿದುದರಿಂದ ಕಳ್ಳರು ಹೆಚ್ಚಿದರೆಂದು ವಿರೋಧಿಗಳು ಕೈತೋರಿಸಿದರು. ಕಳ್ಳರು ಹೆಚ್ಚಿಲ್ಲ, ದೂರು ಕೊಡುವವರು ಹೆಚ್ಚಿದ್ದಾರೆ ಎಂಬುದು ರೊಮಿಲಿಯ ಉತ್ತರವಾಗಿತ್ತು. ಒಂದು ಕರವಸ್ತ್ರಕ್ಕಾಗಿ ಹುಡುಗನೊಬ್ಬನನ್ನು ನೇಣಿಗೆ ಕಳುಹಿಸಲು ಮನಸ್ಸೊಪ್ಪದೆ ಸುಮ್ಮನಿದ್ದವರು ಈಗ ಧೈರ್ಯವಾಗಿ ನ್ಯಾಯಾಲಯಕ್ಕೆ ಬರತೊಡಗಿದ್ದರು. ದಾಖಲೆಯಲ್ಲಿನ ಸಂಖ್ಯೆ ಏರಿತೆಂದ ಮಾತ್ರಕ್ಕೆ ಅಪರಾಧವೂ ಏರಿತೆನ್ನಲಾಗದೆಂಬ ಪಾಠವನ್ನು ನಾವು ಇಲ್ಲಿಂದ ಕಲಿಯಬೇಕಾಗಿದೆ.

೧೮೧೦ರಲ್ಲಿ ಅಂಗಡಿಗಳ್ಳತನದ ಮಸೂದೆ ಪ್ರಭುಸಭೆಗೆ ಬಂದಾಗ ಮುಖ್ಯ ನ್ಯಾಯಾಧೀಶನಾಗಿದ್ದ ಲಾರ್ಡ್ ಎಲೆನ್‌ಬರೋ ಅದನ್ನು ಪ್ರಬಲವಾಗಿ ವಿರೋಧಿಸಿದನು. ಈ ಭಯವನ್ನು ತೆಗೆದರೆ ಸೊತ್ತಿಗೆ ರಕ್ಷಣೆಯೇ ಉಳಿಯದೆಂಬುದು ಅವನ ವಾದದ ಸಾರ. ಮಸೂದೆ ಬಿದ್ದುಹೋಯಿತು, ಅದಕ್ಕೆ ವಿರುದ್ಧವಾಗಿ ಮತಕೊಟ್ಟವರಲ್ಲಿ ಕ್ಯಾಂಟರ್‌ಬರಿಯ ಪ್ರಧಾನ ಧರ್ಮಾಧ್ಯಕ್ಷನೂ ಇದ್ದನು. ಮುಂದೆ ೧೮೨೦ರ ದಶಕದಲ್ಲಿ ಆ ಭಯವನ್ನು ತೆಗೆದೇ ಬಿಟ್ಟರು. ಅಂಗಡಿಗಳು ಮುಚ್ಚಲಿಲ್ಲ.

ಕಾನೂನು ಕಠಿನವಾಗಿದ್ದ ಕಾಲದಲ್ಲಿ ಜೂರಿಗಳು ನಡೆದುಕೊಂಡ ಬಗೆ ಇನ್ನೂ ಬೋಧಪ್ರದವಾಗಿದೆ. ಮನೆಯೊಳಗಿನಿಂದ ೪೦ ಷಿಲಿಂಗ್ ಬೆಲೆಯ ಸೊತ್ತನ್ನು ಕದ್ದರೆ ಮರಣವೆಂಬ ನಿಯಮವಿದ್ದಾಗ, ಕಣ್ಣಿಗೆ ಕಾಣುವಂತೆ ಬೆಲೆಬಾಳುವ ವಸ್ತುವನ್ನೂ ೩೯ ಷಿಲಿಂಗ್‌ನದೆಂದು ಜೂರಿಗಳು ತೀರ್ಮಾನಿಸುತ್ತಿದ್ದರು. ೧೮೨೭ರಲ್ಲಿ ಮೇರೆಯನ್ನು ಐದು ಪೌಂಡಿಗೆ, ಎಂದರೆ ನೂರು ಷಿಲಿಂಗಿಗೆ, ಏರಿಸಲಾಯಿತು. ಕದ್ದ ಮಾಲಿನ ಬೆಲೆಯೂ ಜೂರಿಗಳ ಬಾಯಲ್ಲಿ ೯೯ ಷಿಲಿಂಗಿಗೆ ಏರಿತು. ೧೮೩೦ರಲ್ಲಿ ಬ್ಯಾಂಕಿನವರೇ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿ, ಖೋಟಾ ಸಹಿಗೆ ವಿಧಿಸಿದ್ದ ಮರಣದಂಡನೆಯನ್ನು ತೆಗೆಯಬೇಕೆಂದು ಬೇಡಿದರು. ದಂಡನೆ ಅತಿಯಾದುದರಿಂದ ಅಪರಾಧಿಗಳು ಬಿಡುಗಡೆ ಹೊಂದುತ್ತಿದ್ದಾರೆ, ತಮ್ಮ ಹಣಕ್ಕೆ ರಕ್ಷಣೆ ಇಲ್ಲವಾಗಿದೆ ಎಂಬುದು ಅವರ ದೂರು. ಇವರು ಕರುಣೆಯ ಮಾತನಾಡಲಿಲ್ಲ, ಲಾಭನಷ್ಟದ ಲೆಕ್ಕವನ್ನಾಡಿದರು. ಶಿಕ್ಷೆಯ ತೀವ್ರತೆಯನ್ನು ಹೆಚ್ಚಿಸಿದರೆ ಅದರ ಖಂಡಿತತೆ ಕಡಮೆಯಾಗುವುದುಂಟೆಂದೂ, ಆಗ ಒಟ್ಟು ಭಯ ಕುಗ್ಗುವುದೇ ಹೊರತು ಬೆಳೆಯುವುದಿಲ್ಲವೆಂದೂ ಈ ಪ್ರಸಂಗದಿಂದ ವಿದಿತವಾಗುತ್ತದೆ.

೧೮೬೧ರ ವೇಳೆಗೆ ಮರಣಾರ್ಹ ಅಪರಾಧಗಳು ನಾಲ್ಕಕ್ಕೆ ಇಳಿದುವು. ೧೮೬೮ರಲ್ಲಿ ಬಹಿರಂಗವಾಗಿ ಗಲ್ಲಿಗೇರಿಸುವ ಪದ್ಧತಿಯೂ ನಿಂತಿತು. ಅದುವರೆಗೆ ಗಲ್ಲಿನ ಪ್ರಯೋಜನವನ್ನು ನೋಡುವವರ ಎದೆಯಲ್ಲಿ ಹುಟ್ಟುವ ನಡುಕದಿಂದ ಅಳೆಯುತ್ತಿದ್ದರು. ಆದರೆ ಗಲ್ಲಿನ ಮುಂದೆ ನೆರೆದ ಜನ ಕುಡಿದು ಗದ್ದಲಮಾಡಿದುದನ್ನೂ ಜೇಬುಗಳ್ಳರು ಅಲ್ಲಿಯೇ ಕೈಚಳಕ ತೋರಿದುದನ್ನೂ ಕಂಡ ಮೇಲೆ, ಆ ದೃಶ್ಯವನ್ನು ಸೆರೆಮನೆಯ ಗೋಡೆಯ ಹಿಂದೆ ಮರೆಮಾಡುವುದು ಲೇಸೆಂದು ತೋರಿತು. ಉದಾಹರಣೆಗಾಗಿ ಕೊಡುವ ಶಿಕ್ಷೆಯನ್ನು ಯಾರೂ ನೋಡದಂತೆ ಕೊಡುವ ಈ ವಿರೋಧಾಭಾಸವನ್ನು ಅದರ ಸಮರ್ಥಕರು ಇಂದಿಗೂ ಬಿಡಿಸಿಲ್ಲ.

ಕಳ್ಳತನದ ಮಾತು ಇಷ್ಟಾಯಿತು. ಕೊಲೆಯ ಮಾತೇ ಬೇರೆ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಕೊಲೆಗೆ ವಿಧಿಸುವ ಮರಣವನ್ನು ಕುರಿತೇ ವಿಚಾರಮಾಡಲು ಸರ್ ಅರ್ನೆಸ್ಟ್ ಗವರ್ಸ್‌ನ ಅಧ್ಯಕ್ಷತೆಯಲ್ಲಿ ೧೯೪೯ರಿಂದ ೧೯೫೩ರವರೆಗೆ ರಾಯಲ್ ಕಮಿಷನ್ನೊಂದು ಕುಳಿತಿತು. ಸಾಮಾನ್ಯ ಮನುಷ್ಯನ ಮೇಲೆ ಮರಣಭಯದ ಪ್ರಭಾವ ಇತರ ಶಿಕ್ಷೆಗಳ ಪ್ರಭಾವಕ್ಕಿಂತ ಹೆಚ್ಚಿರುವುದು ಸಂಭವವೆಂದು ಅದು ಒಪ್ಪಿತು. ಆದರೆ ಮರಣದಂಡನೆಯನ್ನು ತೆಗೆದ ನಾಡುಗಳಲ್ಲಿ ಅದರ ಕಾರಣದಿಂದ ಕೊಲೆಗಳು ಹೆಚ್ಚಿದುದಕ್ಕಾಗಲಿ, ಮರಳಿ ತಂದಲ್ಲಿ ಕಡಮೆಯಾದುದಕ್ಕಾಗಲಿ ನಂಬತಕ್ಕ ಆಧಾರ ಅದಕ್ಕೆ ದೊರೆಯಲಿಲ್ಲ. ತೆಗೆದು ಮರಳಿ ತಂದ ನಾಡುಗಳೆಂದರೆ ಸಂಶೋಧಕನಿಗೆ ವಿಶೇಷ ಬೆಲೆಯುಳ್ಳವು. ಮೂರು ಸ್ಥಿತಿಗಳೂ ಒಂದೇ ನೆಲದಲ್ಲಿ, ಒಂದೇ ತಲೆಮಾರಿನಲ್ಲಿ ಅಲ್ಲಿ ಕಾಣಸಿಗುತ್ತವೆ. ತಿರುವಾಂಕೂರು ಅಂಥ ನಾಡು.

೩

ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳ್ ಬಲರಾಮವರ್ಮನ ಆಳ್ವಿಕೆಯನ್ನು ನಮ್ಮ ವಿದ್ಯಾರ್ಥಿಗಳು ೧೯೩೬ರ ದೇವಾಲಯ ಪ್ರವೇಶದ ಘೋಷಣೆಯಿಂದ ಬಲ್ಲರು. ಅದೇ ಅರಸನ ಕಾಲದಲ್ಲಿ, ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ದಿವಾನರಾಗಿದ್ದಾಗ, ೧೯೪೪ರ ನವೆಂಬರ್ ತಿಂಗಳಲ್ಲಿ ಸಂಸ್ಥಾನದಲ್ಲಿ ಮರಣದಂಡನೆಯನ್ನು ರದ್ದುಮಾಡಲಾಯಿತು. ಬ್ರಿಟಿಷ್ ಭಾರತದಲ್ಲಿ ಆಗ ೧೮೬೦ರ ದಂಡಸಂಹಿತೆಯ ೩೦೨ನೆಯ ಕಲಮು ಜಾರಿಯಲ್ಲಿತ್ತು. ೧೮೯೮ರ ದಂಡಪ್ರಕ್ರಿಯಾ ಸಂಹಿತೆಯ ಮೇರೆಗೆ, ಕೊಲೆಗಾರನಿಗೆ ಮರಣವನ್ನು ವಿಧಿಸದಿದ್ದರೆ ಏಕೆ ವಿಧಿಸಲಿಲ್ಲವೆಂಬುದಕ್ಕೆ ನ್ಯಾಯಾಧೀಶನು ಕಾರಣ ಬರೆಯಬೇಕಾಗಿತ್ತು. ೧೯೩೧ರಲ್ಲಿ ಗಯಾಪ್ರಸಾದ್ ಸಿಂಗ್ ಎಂಬ ಬಿಹಾರದ ಸದಸ್ಯರು ಕೇಂದ್ರ ಶಾಸನಸಭೆಯಲ್ಲಿ ಮರಣದಂಡನೆಯ ರದ್ದತಿಗಾಗಿ ತಂದ ಮಸೂದೆ ಸೋತಿತ್ತು. ಹೀಗೆ ಸುತ್ತಲೂ ನೇಣು ಉಳಿದಿದ್ದಾಗ ನಡುವೆ ಒಂದು ಸಂಸ್ಥಾನ ಅದನ್ನು ಕೈಬಿಟ್ಟಿತು.

೧೯೪೯ರ ಜುಲೈ ೧ರಂದು ತಿರುವಾಂಕೂರು ಕೊಚ್ಚಿಯೊಡನೆ ಸೇರಿ ಒಂದಾಯಿತು. ಸ್ವತಂತ್ರ ಭಾರತದ ಕಾನೂನುಗಳು ೧೯೫೦ರ ದಶಕದ ಆರಂಭದಲ್ಲಿ ಅಲ್ಲಿಗೆ ವ್ಯಾಪಿಸಿದುವು. ಅವುಗಳೊಡನೆ ಮರಣದಂಡನೆಯೂ ಮರಳಿತು. ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಕೊಲೆಗಳು ಹೆಚ್ಚಿದುವೆಂದು ಹೆದರಿ ಅದನ್ನು ಮರಳಿ ತಂದುದಲ್ಲ. ದೇಶಕ್ಕೆಲ್ಲ ಒಂದೇ ದಂಡಸಂಹಿತೆ ಇರಬೇಕೆಂಬ ಏಕೀಕರಣದ ಅಲೆಯಲ್ಲಿ ಅದು ಬಂದಿತು. ಬೇರೆ ನಾಡುಗಳಲ್ಲಿ ಯಾವುದಾದರೊಂದು ಘೋರಕೃತ್ಯದ ಬೆನ್ನಿಗೆ ಗಲ್ಲನ್ನು ಮರಳಿ ನೆಟ್ಟಿರುವುದುಂಟು. ಅಂಥಲ್ಲಿ ಏರಿದ ಸಂಖ್ಯೆ ತಾನಾಗಿಯೇ ಇಳಿದರೂ ಗಲ್ಲಿನ ಮಹಿಮೆಯೆಂದು ತೋರಬಹುದು. ತಿರುವಾಂಕೂರಿನಲ್ಲಿ ಈ ದೋಷವಿಲ್ಲ.

ಮರಣದಂಡನೆಯ ಚರ್ಚೆಗಳಲ್ಲಿ ಪದೇ ಪದೇ ಉದ್ಧೃತವಾಗುವ ಅಂಕಿಗಳು ಎರಡು. ಮರಣದಂಡನೆ ಇಲ್ಲದಿದ್ದ ೧೯೪೫–೫೦ರ ಅವಧಿಯಲ್ಲಿ ೯೬೨ ಕೊಲೆಗಳು. ಅದು ಮರಳಿದ ೧೯೫೦–೫೫ರ ಅವಧಿಯಲ್ಲಿ ೯೬೭ ಕೊಲೆಗಳು. ವರ್ಷಕ್ಕೆ ಸರಾಸರಿ ಮೊದಲ ಅವಧಿಯಲ್ಲಿ ೧೯೨, ಎರಡನೆಯದರಲ್ಲಿ ೧೯೩. ನೇಣು ಮರಳಿದ ಮೇಲೆ ಕೊಲೆಗಳು ಐದು ಹೆಚ್ಚಿದುವೆಂದು ರದ್ದತಿಯ ಪಕ್ಷದವರು ವಿಜಯದ ಧ್ವನಿಯಲ್ಲಿ ಹೇಳುವುದುಂಟು.

೪

ಈ ಅಂಕಿಗಳು ಅಷ್ಟು ಭಾರವನ್ನು ಹೊರಲಾರವೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಜನಸಂಖ್ಯೆ ನಿಂತಲ್ಲಿ ನಿಂತಿರಲಿಲ್ಲ. ೧೯೪೧ರ ಜನಗಣತಿಯಲ್ಲಿ ತಿರುವಾಂಕೂರಿನ ಜನ ಸುಮಾರು ೬೦ ಲಕ್ಷ. ಆ ಕಾಲದಲ್ಲಿ ಕೇರಳ ಪ್ರದೇಶದ ಜನಸಂಖ್ಯೆ ಹತ್ತು ವರ್ಷಕ್ಕೆ ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಬೆಳೆಯುತ್ತಿತ್ತು. ಐದು ವರ್ಷಗಳಲ್ಲಿ ಜನ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿದ್ದರೆ, ಕೊಲೆಗಳ ಸಂಖ್ಯೆ ಸಮವಾಗಿ ಉಳಿಯಿತೆಂಬುದಕ್ಕೆ ಕೊಲೆಗಳ ಪ್ರಮಾಣ ಸ್ವಲ್ಪ ಇಳಿಯಿತೆಂದೇ ಅರ್ಥ. ಇದನ್ನು ಮುಂದಿಟ್ಟುಕೊಂಡು ಗಲ್ಲಿನ ಪಕ್ಷದವರು ಜಯ ತಮ್ಮದೆನ್ನಬಹುದು.

ಆದರೆ ಅವರೂ ನಿಲ್ಲಬೇಕು. ಎರಡನೆಯದಾಗಿ, ಆ ಎರಡು ಅವಧಿಗಳು ಒಂದೇ ಬಗೆಯವಾಗಿರಲಿಲ್ಲ. ೧೯೪೫–೫೦ರ ತಿರುವಾಂಕೂರು ಯುದ್ಧಕಾಲದ ಅಕ್ಕಿಯ ಅಭಾವದಿಂದ ಬಳಲಿದ ನಾಡು. ೧೯೪೬ರ ಅಕ್ಟೋಬರಿನಲ್ಲಿ ಪುನ್ನಪ್ರ–ವಯಲಾರಿನಲ್ಲಿ ಕಾರ್ಮಿಕರ ಬಂಡಾಯವೂ ಅದರ ದಮನವೂ ನಡೆದುವು. ೧೯೪೭ರಲ್ಲಿ ಸಂಸ್ಥಾನ ಸ್ವತಂತ್ರವಾಗಿ ಉಳಿಯಬೇಕೇ ಎಂಬ ಹೋರಾಟ ತಲೆಯೆತ್ತಿತು. ಜುಲೈ ೨೫ರಂದು ದಿವಾನರ ಮೇಲೆಯೇ ಹಲ್ಲೆಯಾಗಿ ಅವರು ಗಾಯಗೊಂಡರು. ಅಷ್ಟು ಕದಡಿದ ಕಾಲವನ್ನು ಅನಂತರದ ಹೆಚ್ಚು ನೆಮ್ಮದಿಯ ಕಾಲದೊಡನೆ ತೂಗಿ, ವ್ಯತ್ಯಾಸವೆಲ್ಲ ನೇಣಿನಿಂದ ಬಂದಿತೆನ್ನುವುದು ಯುಕ್ತವಲ್ಲ. ಮೂರನೆಯದಾಗಿ, ವಯಲಾರಿನಲ್ಲಿ ಸರ್ಕಾರದ ಗುಂಡಿಗೆ ಬಲಿಯಾದವರು ಕೊಲೆಗಳ ಪಟ್ಟಿಯಲ್ಲಿ ಸೇರುವುದಿಲ್ಲ. ನೇಣನ್ನು ಕೈಬಿಟ್ಟ ಸರ್ಕಾರವೇ ಎರಡು ವರ್ಷಗಳೊಳಗೆ ಬಂದೂಕನ್ನು ಎತ್ತಿಕೊಂಡಿತೆಂಬುದನ್ನು, ಆ ಘೋಷಣೆಯನ್ನು ಹೊಗಳುವಾಗ ಇತಿಹಾಸಕಾರನು ಮರೆಯಬಾರದು.

ಹಾಗಾದರೆ ತಿರುವಾಂಕೂರಿನ ಪ್ರಯೋಗದಿಂದ ಸಿದ್ಧವಾಗುವುದೇನು? ಸಣ್ಣ ವ್ಯತ್ಯಾಸಗಳ ವಿಷಯದಲ್ಲಿ ಅದು ಏನನ್ನೂ ಸಿದ್ಧಮಾಡುವುದಿಲ್ಲ. ಆದರೆ ಒಂದು ದೊಡ್ಡ ಭವಿಷ್ಯವಾಣಿಯನ್ನು ಅದು ಸುಳ್ಳುಮಾಡಿದೆ. ನೇಣನ್ನು ತೆಗೆದರೆ ಕಟ್ಟೆಯೊಡೆದ ಕೆರೆಯಂತೆ ಕೊಲೆಗಳು ನುಗ್ಗಿಬರುವುವೆಂಬುದು ಆ ಭವಿಷ್ಯವಾಣಿ. ಅಭಾವ, ಬಂಡಾಯ, ಅಧಿಕಾರದ ಪಲ್ಲಟ ಇವೆಲ್ಲ ಒಟ್ಟಿಗೆ ಸೇರಿದ ಕಾಲದಲ್ಲಿಯೂ ನೇಣಿಲ್ಲದ ಆ ನಾಡಿನಲ್ಲಿ ಕಟ್ಟೆ ಒಡೆಯಲಿಲ್ಲ. ಕೊಲೆಗಳನ್ನು ತಡೆದಿದ್ದ ಕಟ್ಟೆ ನೇಣಿನದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ.

೫

ಇತರ ನಾಡುಗಳ ಅನುಭವವೂ ಇದಕ್ಕೆ ಹೊಂದುತ್ತದೆ. ಅಮೆರಿಕದ ಮಿಷಿಗನ್ ರಾಜ್ಯ ೧೮೪೬ರಲ್ಲಿಯೇ ಕೊಲೆಗೆ ಮರಣದಂಡನೆಯನ್ನು ರದ್ದುಮಾಡಿತು. ಅಂಥ ರಾಜ್ಯಗಳನ್ನು ಅವುಗಳ ನೆರೆಯ ರಾಜ್ಯಗಳೊಡನೆ ಹೋಲಿಸಿದ ಥಾರ್ಸ್ಟನ್ ಸೆಲಿನ್ ಎಂಬ ವಿದ್ವಾಂಸರು, ಗಲ್ಲಿರುವಲ್ಲಿಯೂ ಇಲ್ಲದಲ್ಲಿಯೂ ಕೊಲೆಗಳ ಏರಿಳಿತ ಒಂದೇ ಜಾಡಿನಲ್ಲಿದೆಯೆಂದು ೧೯೫೯ರಲ್ಲಿ ತೋರಿಸಿದರು. ಇದಕ್ಕೆ ಪ್ರತಿಯಾಗಿ ಐಸಾಕ್ ಎರ್ಲಿಕ್ ಎಂಬ ಅರ್ಥಶಾಸ್ತ್ರಜ್ಞರು ೧೯೭೫ರಲ್ಲಿ, ಪ್ರತಿಯೊಂದು ಗಲ್ಲೂ ಏಳೆಂಟು ಕೊಲೆಗಳನ್ನು ತಪ್ಪಿಸುತ್ತದೆಂದು ಗಣಿತದ ಮೂಲಕ ವಾದಿಸಿದರು. ಆ ಗಣಿತ ಆಯ್ದ ವರ್ಷಗಳಿಗೆ ತಕ್ಕಂತೆ ಮಾರ್ಪಡುತ್ತದೆಂದು ಇತರರು ಕೂಡಲೇ ತೋರಿಸಿದರು. ಕೊನೆಗೆ ೨೦೧೨ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಮರಣದಂಡನೆ ಕೊಲೆಗಳನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ ಅಥವಾ ಯಾವ ಪರಿಣಾಮವನ್ನೂ ಬೀರುವುದಿಲ್ಲ ಎಂಬ ಮೂರರಲ್ಲಿ ಯಾವುದನ್ನೂ ಇವುಗಳಿಂದ ತೀರ್ಮಾನಿಸಲಾಗದೆಂದು ವರದಿ ಕೊಟ್ಟಿತು.

ಪ್ರತಿಕೂಲವಾದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಇಂಗ್ಲೆಂಡಿನಲ್ಲಿ ೧೯೬೫ರಲ್ಲಿ ಕೊಲೆಗೆ ಮರಣದಂಡನೆ ನಿಂತ ಮೇಲಿನ ಎರಡು ದಶಕಗಳಲ್ಲಿ ಕೊಲೆಗಳು ಏರಿದುವು. ಆದರೆ ಅದೇ ಕಾಲದಲ್ಲಿ, ಬಹು ಹಿಂದಿನಿಂದಲೇ ನೇಣಿನ ಭಯವಿಲ್ಲದಿದ್ದ ಹೊಡೆದಾಟ ದರೋಡೆಗಳು ಅದಕ್ಕಿಂತ ವೇಗವಾಗಿ ಏರಿದುವು. ೧೯೭೬ರಲ್ಲಿ ಕೊಲೆಗೆ ಮರಣವನ್ನು ತೆಗೆದ ಕೆನಡಾದಲ್ಲಿ ಮುಂದಿನ ವರ್ಷಗಳಲ್ಲಿ ಕೊಲೆಗಳ ಪ್ರಮಾಣ ಇಳಿಯಿತು. ಏರಿಳಿತಗಳನ್ನು ಆಳುವ ಕಾರಣಗಳು ನೇಣಿನಿಂದಾಚೆ ಇವೆಯೆಂಬುದು ಇಷ್ಟರಿಂದ ಊಹ್ಯವಾಗುತ್ತದೆ.

ಸ್ವತಂತ್ರ ಭಾರತದಲ್ಲಿ ಚರ್ಚೆ ಮುಂದುವರಿದ ಬಗೆಯನ್ನೂ ಸಂಗ್ರಹವಾಗಿ ನೋಡಬಹುದು. ಸಂವಿಧಾನ ಸಭೆಯಲ್ಲಿ ೧೯೪೯ರ ಜೂನ್ ೩ರಂದು ಡಾ. ಅಂಬೇಡ್ಕರ್ ಅವರು, ಮರಣದಂಡನೆಯ ಮೇಲಣ ಮನವಿಗಳ ವಿಷಯ ಬಂದಾಗ, ತಾವು ಅದರ ರದ್ದತಿಯನ್ನೇ ಬೆಂಬಲಿಸುವುದಾಗಿ ಹೇಳಿದರು. ೧೯೫೮ರಲ್ಲಿ ನಟ ಪೃಥ್ವಿರಾಜ್ ಕಪೂರ್ ರಾಜ್ಯಸಭೆಯಲ್ಲಿ ರದ್ದತಿಯ ನಿರ್ಣಯವನ್ನು ಮಂಡಿಸಿದರು. ೧೯೬೭ರ ಕಾನೂನು ಆಯೋಗದ ೩೫ನೆಯ ವರದಿ ಮಾತ್ರ, ದೇಶದ ವಿಸ್ತಾರ, ಜನರ ವೈವಿಧ್ಯ, ಶಿಕ್ಷಣದ ಅಸಮತೆ ಇವುಗಳನ್ನು ಎಣಿಸಿ, ಭಾರತ ಇಂಥ ಪ್ರಯೋಗದ ಅಪಾಯಕ್ಕೆ ಕೈಯಿಕ್ಕಲಾಗದೆಂದು ಅಭಿಪ್ರಾಯಪಟ್ಟಿತು. ಭಾರತದ ನೆಲದ ಮೇಲೆಯೇ ಆ ಪ್ರಯೋಗ ಒಮ್ಮೆ ನಡೆದಿತ್ತೆಂಬುದನ್ನು ನಾವು ಮೇಲೆ ನೋಡಿದ್ದೇವೆ.

ಕಾನೂನು ಕ್ರಮೇಣ ಹಿಂದುಮುಂದಾಯಿತು. ಮರಣವನ್ನು ವಿಧಿಸದಿರಲು ಕಾರಣ ಬರೆಯಬೇಕೆಂಬ ನಿಯಮವನ್ನು ೧೯೫೫ರಲ್ಲಿ ತೆಗೆಯಲಾಯಿತು. ೧೯೭೩ರ ಹೊಸ ಸಂಹಿತೆ, ವಿಧಿಸುವುದಕ್ಕೇ ವಿಶೇಷ ಕಾರಣ ಬರೆಯಬೇಕೆಂದಿತು. ೧೯೮೦ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಿತಿಗೊಳಿಸಿತು. ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ ಅದೇ ನ್ಯಾಯಾಲಯ ೨೦೦೮ರಲ್ಲಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ನೇಣಿಗೆ ಬದಲಾಗಿ ವಿಧಿಸಿತು. ೨೦೧೫ರ ಕಾನೂನು ಆಯೋಗದ ೨೬೨ನೆಯ ವರದಿ, ಭಯೋತ್ಪಾದನೆಯನ್ನೂ ರಾಷ್ಟ್ರದ ವಿರುದ್ಧ ಯುದ್ಧ ಹೂಡುವುದನ್ನೂ ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆಯನ್ನು ರದ್ದುಮಾಡಬೇಕೆಂದು ಶಿಫಾರಸುಮಾಡಿತು. ಆದರೂ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೩ನೆಯ ಕಲಮು ಕೊಲೆಗೆ ಮರಣವನ್ನು ಉಳಿಸಿಕೊಂಡಿದೆ. ಈ ನಡುವೆ ದೇಶದಲ್ಲಿ ದಾಖಲಾದ ಕೊಲೆಗಳು ೧೯೯೨ರಲ್ಲಿ ಸುಮಾರು ೪೦ ಸಾವಿರವಿದ್ದುದು ೨೦೨೨ರಲ್ಲಿ ೨೮,೫೨೨ಕ್ಕೆ ಇಳಿದುವು. ಜನಸಂಖ್ಯೆಯಾದರೋ ಬಹಳ ಬೆಳೆದಿತ್ತು. ಈ ಇಳಿತ ಉಂಟಾದುದು ನೇಣು ಅತ್ಯಂತ ವಿರಳವಾಗಿದ್ದ ಕಾಲದಲ್ಲಿ. ಇದರ ಶ್ರೇಯಸ್ಸನ್ನು ನೇಣಿನ ವಿರಳತೆಗೆ ಸಲ್ಲಿಸುವುದು ತಪ್ಪಾದೀತು. ಆದರೆ ನೇಣು ವಿರಳವಾದರೆ ಕೊಲೆ ಹೆಚ್ಚುವುದೆಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

೬

ಮನುಷ್ಯನು ಸಾವಿಗೆ ಹೆದರುತ್ತಾನೆ. ಆದರೂ ಹೀಗೇಕೆ ಎಂದು ಕೇಳಬಹುದು. ಬಹುಪಾಲು ಕೊಲೆಗಳು ಜಗಳದಲ್ಲಿ, ಮತ್ಸರದಲ್ಲಿ, ಜಮೀನಿನ ವ್ಯಾಜ್ಯದಲ್ಲಿ, ಕುಡಿತದಲ್ಲಿ ಹುಟ್ಟುವಂಥವು. ಆ ಗಳಿಗೆಯಲ್ಲಿ ದಂಡಸಂಹಿತೆಯ ನೆನಪು ಬರುವುದಿಲ್ಲ. ಲೆಕ್ಕಹಾಕಿ ಕೊಲ್ಲುವವನಾದರೋ ತಾನು ಸಿಕ್ಕಿಬೀಳುವುದಿಲ್ಲವೆಂದೇ ಲೆಕ್ಕಹಾಕಿರುತ್ತಾನೆ. ಅವನನ್ನು ತಡೆಯಬಲ್ಲುದು ಸಿಕ್ಕಿಬೀಳುವ ಖಂಡಿತತೆ. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವಿಚಾರಣೆ ಮುಗಿದ ಕೊಲೆ ಮೊಕದ್ದಮೆಗಳಲ್ಲಿ ಶಿಕ್ಷೆಯಾಗಿರುವುದು ಅರ್ಧಕ್ಕಿಂತ ಕಡಮೆ. ೧೮೩೦ರ ಬ್ಯಾಂಕಿನವರು ಇದನ್ನು ನೋಡಿದ್ದರೆ ತನಿಖೆಯನ್ನು ತಿದ್ದಿಕೊಳ್ಳಿರೆಂದು ಹೇಳುತ್ತಿದ್ದರೇ ಹೊರತು ಹಗ್ಗವನ್ನು ಗಟ್ಟಿಮಾಡಿರೆಂದು ಹೇಳುತ್ತಿರಲಿಲ್ಲ.

ನೇಣು ಒಂದು ಕೊಲೆಯನ್ನೂ ತಡೆದಿಲ್ಲವೆಂದು ಇತಿಹಾಸ ಸಾಧಿಸಲಾರದು. ನಡೆಯದೆ ಹೋದುದಕ್ಕೆ ದಾಖಲೆಯಿರುವುದಿಲ್ಲ. ನೇಣಿಗೆ ಮಾತ್ರ ದಾಖಲೆಯುಂಟು. ೧೯೫೦ರ ಮಾರ್ಚ್ ೯ರಂದು ಲಂಡನ್ನಿನಲ್ಲಿ ಟಿಮೊಥಿ ಎವಾನ್ಸ್ ಎಂಬ ತರುಣನನ್ನು ತನ್ನ ಮಗುವನ್ನೇ ಕೊಂದನೆಂದು ಗಲ್ಲಿಗೇರಿಸಲಾಯಿತು. ಅವನ ವಿರುದ್ಧ ಮುಖ್ಯ ಸಾಕ್ಷಿಯಾಗಿ ನಿಂತವನು ಅದೇ ಮನೆಯ ಕೆಳಗಣ ಅಂತಸ್ತಿನ ನಿವಾಸಿಯಾದ ಜಾನ್ ಕ್ರಿಸ್ಟಿ. ಮೂರು ವರ್ಷಗಳ ಮೇಲೆ ಆ ಮನೆಯಲ್ಲಿ ಹಲವು ಹೆಂಗಸರ ಶವಗಳು ಸಿಕ್ಕಿದುವು. ಕೊಂದವನು ಕ್ರಿಸ್ಟಿಯೇ ಎಂದು ಸಿದ್ಧವಾಯಿತು. ಎವಾನ್ಸನಿಗೆ ೧೯೬೬ರಲ್ಲಿ ಕ್ಷಮಾದಾನ ದೊರೆಯಿತು. ಸೆರೆಯಲ್ಲಿದ್ದವನಾಗಿದ್ದರೆ ಅವನು ಹೊರಗೆ ಬರುತ್ತಿದ್ದನು. ನೇಣಿನ ಕೆಳಗೆ ಇಂಥವನೊಬ್ಬನು ನಿಂತಿರಬಹುದಾದಾಗ, ಪ್ರಮಾಣದ ಹೊರೆ ನೇಣು ಬೇಕೆನ್ನುವವರ ಮೇಲಿದೆ. ಇನ್ನೂರು ವರ್ಷಗಳಿಂದ ಅವರು ಹೇಳುತ್ತ ಬಂದ ಭವಿಷ್ಯ ಅಂಗಡಿಗಳ್ಳತನದಲ್ಲಿ ಫಲಿಸಲಿಲ್ಲ, ಖೋಟಾ ಸಹಿಯಲ್ಲಿ ಫಲಿಸಲಿಲ್ಲ, ತಿರುವಾಂಕೂರಿನ ಕೊಲೆಗಳಲ್ಲಿಯೂ ಫಲಿಸಲಿಲ್ಲ. ಧರ್ಮದ ಹೆಸರಿನಲ್ಲಿ ಅವರು ಬೇರೆ ವಾದವನ್ನು ಹೂಡಬಹುದು; ಅದನ್ನು ಅದರ ನೆಲೆಯಲ್ಲಿ ವಿಚಾರಿಸೋಣ. ಕೊಲೆಯನ್ನು ತಡೆಯುವುದಕ್ಕಾಗಿ ನೇಣು ಬೇಕೆಂಬ ವಾದಕ್ಕೆ ಮಾತ್ರ ಇತಿಹಾಸದ ಸಾಕ್ಷ್ಯ ಒದಗಿಲ್ಲವೆಂಬುದೇ ನಮ್ಮ ನಿರ್ಣಯ.